ಎಲೆ ಹಾಕದ ಜಾಗ

ಮೊನ್ನೆ ಅಥರ್ವನಿಗೆ ಶಾಲೆಯ ಚಾರ್ಟಿಗೆ ಚಿತ್ರ ಅಂಟಿಸಬೇಕಾಗಿತ್ತು. ಡಬ್ಬಿಯ ಗೋಂದು ಒಣಗಿ ಕಲ್ಲಾಗಿತ್ತು. ಹೊರಗೆ ಪವಾಯಿಯ ಕೆರೆಯೇ ಕಾಣದ ಹಾಗೆ ಮಳೆ. "ಅಜ್ಜಿ, ಆರ್ಡರ್ ಕರೂಂ ಕ್ಯಾ? ಹತ್ತು ಮಿನಿಟ್‌ನಲ್ಲಿ ಬರ್ತದೆ" ಎಂದ. ನಾನು ಎದ್ದು ಹೋಗಿ, ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯ ಮೇಲಿಟ್ಟು ತಿರುವತೊಡಗಿದೆ. ಬಿಳಿಯ ನೀರು ಮೆಲ್ಲಗೆ ಗಾಜಿನ ಬಣ್ಣಕ್ಕೆ ತಿರುಗಿತು, ದಪ್ಪ ಗುಳ್ಳೆ ಎದ್ದವು, ಆ ವಾಸನೆ ಬಂತು. ಹಸಿ ಹಿಟ್ಟಿನದೂ ಅಲ್ಲ, ಬೆಂದ ಅನ್ನದ್ದೂ ಅಲ್ಲ, ಎರಡರ ನಡುವಿನದು. ನಾನು ಸೌಟು ಹಿಡಿದುಕೊಂಡು ನಿಂತೇಬಿಟ್ಟೆ. ತಳ ಹತ್ತಿತು. "ಅಜ್ಜಿ, ಜಲ್ ಗಯಾ!" ಎಂದು ಅಥರ್ವ ಓಡಿ ಬಂದು ಗ್ಯಾಸ್ ಬಂದ್ ಮಾಡಿದ.

ಅವನಿಗೆ ಬೇರೆ ಗೋಂದು ಕಾಸಿಕೊಟ್ಟೆ. ಆದರೆ ಆ ದಿನವೆಲ್ಲ ನಾನು ಘಾಟ್ಕೋಪರಿನ ಒಂದು ಹಳೆಯ ಬಂಗಲೆಯ ಹಿಂಬದಿಯ ಕೋಣೆಯಲ್ಲಿದ್ದೆ. ಈ ಪವಾಯಿ ಆಗ ಬರೀ ಗುಡ್ಡ ಮತ್ತು ಹುಲ್ಲು.

ಮೇಘನಾ, ಹೋದ ವರ್ಷ ಹಿರಿಯರ ಅಮಾವಾಸ್ಯೆಯ ದಿನ ನೀನು ನೀರಿನ ಜಗ್ ತಂದು ಎಡೆಯ ಎಲೆಗಳ ಸಾಲಿನ ಕೊನೆಗೆ ಖಾಲಿ ಇದ್ದ ಜಾಗದಲ್ಲಿ ಇಟ್ಟೆ. "ಅಲ್ಲಿ ಇಡಬ್ಯಾಡ!" ಎಂದು ನಾನು ಗದರಿದೆ. ನಾನು ಗದರಿದ್ದನ್ನು ನೀವು ಯಾರೂ ಅದಕ್ಕೆ ಮುಂಚೆ ಕೇಳಿರಲಿಲ್ಲ. "ಖಾಲಿ ತೋ ಹೈ, ಅಜ್ಜಿ. ಇದು ಯಾರದ್ದು ಜಾಗ?" ಎಂದು ನೀನು ಕೇಳಿದೆ. ನಾನು ಹೇಳಲಿಲ್ಲ. ಬಾಯಿಯಿಂದ ಹೇಳಲು ನನಗೆ ಯಾವ ಕಾಲಕ್ಕೂ ಆಗಿಲ್ಲ. ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದ್ದೇನೆ, ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಮಾಡುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲ. ನಿಮ್ಮಪ್ಪ ಓದಿ ಹೇಳಲಿ.

ನಾನು ಮದುವೆಯಾಗಿ ಧಾರವಾಡ ಸೀಮೆಯಿಂದ ಇಲ್ಲಿಗೆ ಬಂದ ಮೊದಲ ಮಳೆಗಾಲ ಅದು. ಭಾಷೆಗೊಂದು ರಾಜ್ಯ ಮಾಡುತ್ತಾರಂತೆ, ಮುಂಬಯಿ ಯಾರಿಗೆ ಹೋಗುತ್ತದಂತೆ ಎಂದು ಎಲ್ಲರೂ ಮಾತಾಡುತ್ತಿದ್ದ ವರ್ಷ. ನಿಮ್ಮಜ್ಜ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಘಾಟ್ಕೋಪರ್ ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿ ನಮಗೆ ಒಂದು ಖೋಲಿ. ಅವರು ಬೆಳಿಗ್ಗೆ ಡಬ್ಬಿ ತೆಗೆದುಕೊಂಡು ಹೋದರೆ ಸಂಜೆಯವರೆಗೆ ನಾನು ಮತ್ತು ಮಳೆ. ಊರಲ್ಲಿ ಮಳೆ ಎಂದರೆ ಮಣ್ಣಿನ ಮೇಲೆ ಬೀಳುವುದು, ಬಿದ್ದು ನಿಲ್ಲುವುದು. ಇಲ್ಲಿ ತಗಡಿನ ಮೇಲೆ ಬಿದ್ದು ದಿನವಿಡೀ ಬೈದಂತೆ ಸದ್ದು ಮಾಡುತ್ತಿತ್ತು. ಲೋಕಲ್ ಹೋಗುವಾಗ ಗೂಡಿನ ಕಂಚಿನ ಲೋಟ ನಡುಗುತ್ತಿತ್ತು. ಅದು ನಡುಗಿದಾಗಲೆಲ್ಲ ನಾನು ಅದನ್ನು ಹಿಡಿದುಕೊಳ್ಳುತ್ತಿದ್ದೆ. ಅದು ನಮ್ಮವ್ವ ಕೊಟ್ಟದ್ದು.

ಪಕ್ಕದ ಖೋಲಿಯಲ್ಲಿ ಬೆಳಗಾವಿ ಕಡೆಯ ಶಾಂತಕ್ಕ. ಚಾಳಿನಲ್ಲಿ ನನಗೆ ತಿಳಿಯುವ ಮಾತಾಡುವವಳು ಅವಳೊಬ್ಬಳೇ, ಆದರೆ ಅವಳ ಮಾತಿಗೆ ಉತ್ತರ ಕೊಡುವ ಬಾಯಿ ನನಗಿರಲಿಲ್ಲ. "ನೀಲವ್ವ, ನಿನ್ನ ನಾಲಿಗಿ ಊರಾಗ ಬಿಟ್ಟ ಬಂದೀ ಏನು? ಪಾರ್ಸಲ್ ಮಾಡಿ ತರಸವ್ವಾ, ಮುಂಬೈದಾಗ ಬೇಕಾಗತೈತಿ" ಎನ್ನುತ್ತಿದ್ದಳು. ನಳದ ಸಾಲಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಡುತ್ತಿದ್ದೆ.

ಒಂದು ಸಂಜೆ ನಿಮ್ಮಜ್ಜ ಬಂದು, "ನಿನಗ ಹೇಳಿ ಮಾಡಿಸಿದ ಕೆಲಸ ಒಂದೈತಿ ನೋಡು" ಎಂದರು. ಅವರ ಕಾರ್ಖಾನೆಯ ಯಂತ್ರಗಳು ಜರ್ಮನಿಯಿಂದ ಬಂದವು, ಅವುಗಳ ಜೊತೆಗೆ ಬಂದ ಪುಸ್ತಕಗಳೂ ಅದೇ ಭಾಷೆಯವು. ಅವನ್ನು ಇಂಗ್ಲಿಷಿಗೆ ಮಾಡಿಕೊಡಲು ಒಬ್ಬ ಬಿಳಿಯ ಹೆಂಗಸು ಬರುತ್ತಿದ್ದಳು. ಎಲ್ಸಾ ಬಾಯಿ ಎಂದು ಕರೆಯುತ್ತಿದ್ದರು. ಅವಳ ಬೆರಳುಗಳು ಸಂಧಿವಾತದಿಂದ ಊದಿ ಸೊಟ್ಟಗಾಗಿದ್ದವು. ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಮನೆಯಲ್ಲಿ ಕಾಗದ ಕತ್ತರಿಸಿ ಅಂಟಿಸಿಕೊಡಲು ಯಾರಾದರೂ ಬೇಕು, ಇಂಗ್ಲಿಷ್ ಓದಲು ಬರಬಾರದು, ಮಾತು ಕಡಿಮೆ ಇರಬೇಕು ಎಂದಿದ್ದಳಂತೆ.

"ಅಕೀಗೂ ಮಾತು ಬ್ಯಾಡ, ನಿನಗೂ ಬ್ಯಾಡ. ಜೋಡಿ ಛಲೋ ಆತು" ಎಂದು ನಿಮ್ಮಜ್ಜ ನಕ್ಕರು.

ಶಾಂತಕ್ಕನಿಗೆ ಗೊತ್ತಾಗಿ, "ಮಡಮ್ಮನ ಮನ್ಯಾಗ ಕಾಗದಾ ಹಚ್ಚೂದಾ? ಅದರ ಬದಲಿ ಗೋಡಿಗೆ ಸಿನಿಮಾ ಪೋಸ್ಟರ್ ಹಚ್ಚಾಕ ಹೋಗ. ಫುಕಟ್ ಸಿನಿಮಾನರ ನೋಡಬಹುದು" ಎಂದಳು.

ಎಲ್ಸಾ ಬಾಯಿಗೆ ಐವತ್ತು ದಾಟಿತ್ತು. ಗುಜರಾತಿ ಸೇಠರೊಬ್ಬರ ಬಂಗಲೆಯ ಹಿಂದೆ ಒಂದು ಉದ್ದನೆಯ ಕೋಣೆ ಬಾಡಿಗೆ ಹಿಡಿದಿದ್ದಳು. ಮಂಚ, ಮೇಜು, ಟೈಪ್ ಮಾಡುವ ಯಂತ್ರ. ಉಳಿದದ್ದೆಲ್ಲ ಕಾಗದ. ಬೇರೆ ಬೇರೆ ದೇಶಗಳಿಂದ ಹಳೆಯ ಪೇಪರು, ಕೋರ್ಟಿನ ವರದಿ ತರಿಸಿಕೊಳ್ಳುತ್ತಿದ್ದಳು. ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಲ್ಲಿ ನಾನು ಕತ್ತರಿಸಬೇಕು, ಕಂದು ಬಣ್ಣದ ದಪ್ಪ ಕಾಗದಕ್ಕೆ ಅಂಟಿಸಬೇಕು, ಒಣಗಿದ ಮೇಲೆ ಅವಳು ಹೇಳಿದ ಕಟ್ಟಿನಲ್ಲಿ ಸೇರಿಸಬೇಕು. ಗೋಂದಿಗೆ ನಾನು ಮೈದಾ ಕಾಸುತ್ತಿದ್ದೆ, ಹುಳ ಹಿಡಿಯಬಾರದೆಂದು ಚಿಟಿಕೆ ಮೈಲುತುತ್ತು ಹಾಕುತ್ತಿದ್ದೆ. ಕಟ್ಟುಗಳು ನೆಲದ ಮೇಲೆ ಗೋಡೆಯುದ್ದಕ್ಕೂ ಇದ್ದವು. ಗಾಳಿಗೆ ಹಾರದಂತೆ ಒಂದೊಂದರ ಮೇಲೆ ಒಂದೊಂದು ಕಲ್ಲು. ನನಗೆ ಓದಲು ಬಾರದ್ದರಿಂದ ಕಲ್ಲಿನ ಗುರುತು ಹೇಳುತ್ತಿದ್ದಳು. "ಕಾಲಾ ಪತ್ಥರ್." "ಗೋಲ್ ಪತ್ಥರ್." ಅವಳ ಹಿಂದಿಯೂ ಕುಂಟು, ನನ್ನದೂ ಕುಂಟು. ಒಬ್ಬರಿಗೊಬ್ಬರು ನಾಚಬೇಕಾಗಿರಲಿಲ್ಲ.

ಕೆಲವು ವಾರ ನಾವು ಕಲ್ಲಿನ ಹೆಸರು ಬಿಟ್ಟು ಬೇರೆ ಮಾತು ಆಡಲಿಲ್ಲ. ಅವಳು ಮೇಜಿನ ಬಳಿ ಟೈಪ್ ಮಾಡುವಳು, ನಾನು ನೆಲದ ಮೇಲೆ ಕತ್ತರಿಸುವೆನು, ಹೊರಗೆ ಸೀತಾಫಲದ ಗಿಡದ ಮೇಲೆ ಮಳೆ. ನಾನು ಈ ಊರಿಗೆ ಬಂದ ಮೇಲೆ ಒಂಟಿ ಎನ್ನಿಸದೆ ಸುಮ್ಮನಿದ್ದದ್ದು ಅಲ್ಲಿ ಮಾತ್ರ.

ಮೊದಲ ಮಾತು ಒಂದು ಚಿತ್ರದಿಂದ ಹುಟ್ಟಿತು. ಪೇಪರಿನ ಚಿತ್ರ, ಮಸುಕಾಗಿತ್ತು. ಚಪ್ಪಲಿ, ಬೂಟುಗಳ ರಾಶಿ. ಗುಡ್ಡದಂಥ ರಾಶಿ. ಗಂಡಸರದು, ಹೆಂಗಸರದು, ಹಾಲುಗಲ್ಲದ ಮಕ್ಕಳದು. ನಮ್ಮ ಕಡೆ ಅಷ್ಟು ಪಾದರಕ್ಷೆ ಒಂದು ಕಡೆ ಬಿಟ್ಟಿದ್ದಾರೆಂದರೆ ಒಳಗೆ ಪುರಾಣ ನಡೆದಿರುತ್ತದೆ, ಇಲ್ಲವೆ ಮದುವೆಯ ಊಟ. ನನಗೆ ಖುಷಿಯಾಯಿತು. ತಲೆ ಎತ್ತಿ ನಾನೇ ಕೇಳಿದೆ: "ಬಾಯಿ, ಇದು ಯಾವ ಗುಡಿ? ಜನ ಎಲ್ಲಾ ಒಳಗಿದ್ದಾರಾ?"

ಟೈಪಿನ ಸದ್ದು ನಿಂತಿತು. ಅವಳು ಬಂದು ಚಿತ್ರ ನೋಡಿದಳು. ನನ್ನನ್ನು ನೋಡಿದಳು. ಸಿಟ್ಟಾಗುತ್ತಾಳೆಂದುಕೊಂಡೆ.

"ಹಾಂ," ಎಂದಳು. "ಎಲ್ಲರೂ ಒಳಗೆ."

ಅಷ್ಟು ಹೇಳಿ ಮತ್ತೆ ಮೇಜಿಗೆ ಹೋದಳು. ಆ ದಿನ ಮುಂದೆ ಟೈಪ್ ಮಾಡಲಿಲ್ಲ.

ಮರುದಿನ ನಾನು ಹೋದಾಗ ಚಹಾ ಮಾಡಿಟ್ಟಿದ್ದಳು. ಕುರ್ಚಿಯಲ್ಲಿ ಕೂರಿಸಿದಳು. ನಾನು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು, ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ತಾನು ಯಹೂದಿ. ತಮ್ಮ ದೇಶದಲ್ಲಿ ರಾಜ್ಯಭಾರ ಮಾಡುವವರು ತಮ್ಮ ಜನವೆಲ್ಲ ಬೇಡ ಎಂದು ತೀರ್ಮಾನ ಮಾಡಿದರು. ಒಬ್ಬರ ತಪ್ಪಿಗೆ ಅಲ್ಲ, ಯುದ್ಧದಲ್ಲಿ ಅಲ್ಲ, ಹುಟ್ಟಿದ್ದಕ್ಕೆ. ಮುದುಕರು, ಕೂಸುಗಳು, ಎಲ್ಲರೂ. ರೈಲಿನಲ್ಲಿ ಒಯ್ದರು. ಬೂಟು ಬಿಚ್ಚಿಸಿದರು. ಸ್ನಾನ ಎಂದು ಹೇಳಿ ಒಂದು ಕೋಣೆಗೆ ಕಳಿಸಿ ಹೊರಗಿನಿಂದ ಬಾಗಿಲು ಹಾಕಿದರು.

ನಾನು "ಆಮೇಲೆ?" ಎಂದು ಕೇಳಲಿಲ್ಲ. ಚಿತ್ರ ನೋಡಿದ್ದೆನಲ್ಲ.

"ನನ್ನ ಅಮ್ಮ ಕೂಡ," ಎಂದಳು. "ಅವಳ ಹೆಸರು ಬೆರ್ತಾ."

ಯುದ್ಧಕ್ಕೆ ಮುಂಚೆ ಎಲ್ಸಾ ಬಾಯಿ ಒಬ್ಬಳೇ ಮುಂಬಯಿಗೆ ಬಂದಿದ್ದಳು. ಇಲ್ಲಿ ಕೆಲಸ ಹಿಡಿದು ತಾಯಿಯನ್ನು ಕರೆಸಿಕೊಳ್ಳುವುದೆಂದು. ತಾಯಿಗೆ ಹೊರಡಲು ಕಾಗದ ಸಿಗುವ ಮೊದಲೇ ದಾರಿ ಮುಚ್ಚಿತು.

ಆ ಸಂಜೆ ನಾನು ಚಾಳಿಗೆ ಬಂದು ಗ್ಯಾಲರಿಯಲ್ಲಿ ನಿಂತೆ. ಪ್ರತಿ ಖೋಲಿಯ ಹೊಸ್ತಿಲ ಹೊರಗೂ ಚಪ್ಪಲಿಗಳಿದ್ದವು. ಒಳಗೆ ದೀಪ, ಪಾತ್ರೆಯ ಸದ್ದು, ಕೂಸಿನ ಅಳು. ಎಲ್ಲರೂ ಒಳಗಿದ್ದರು. ನಾನು ಶಾಂತಕ್ಕನ ಬಾಗಿಲ ಮುಂದೆ ಸುಮ್ಮನೆ ನಿಂತೆ. "ಯಾಕs? ಉಪ್ಪು ಬೇಕೇನು?" ಎಂದು ಕೇಳಿದಳು. ನನಗೆ ಏನೂ ಬೇಕಾಗಿರಲಿಲ್ಲ. ಬೇಕು ಎಂದೆ.

ಮುಂದೆ ಅವಳು ಕಟ್ಟುಗಳ ಅರ್ಥವನ್ನೂ ಹೇಳಿದಳು. ಇಂಥದ್ದು ತನ್ನ ಜನರಿಗೆ ಮಾತ್ರ ಆದದ್ದಲ್ಲ. ತಾನು ಹುಡುಗಿಯಾಗಿದ್ದಾಗ ತುರ್ಕರ ನಾಡಿನಲ್ಲಿ ಆರ್ಮೇನಿಯದ ಜನಕ್ಕೆ ಆಯಿತು. ಹೀಗೆ ಒಂದು ಜನವನ್ನೇ ಇಲ್ಲದಂತೆ ಮಾಡುವುದಕ್ಕೆ ಆಗ ಒಂದು ಹೆಸರು ಕೂಡ ಇರಲಿಲ್ಲ, ಈಚೆಗೆ ಹೊಸದಾಗಿ ಹೆಸರು ಮಾಡಿದ್ದಾರೆ. ಹೆಸರಿಲ್ಲದ್ದನ್ನು ತಡೆಯುವುದು ಹೇಗೆ? ತಾನು ಎಲ್ಲವನ್ನೂ ಪಕ್ಕಪಕ್ಕ ಇಟ್ಟು, ಇದು ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕುತ್ತಿದ್ದೇನೆ ಎಂದಳು.

"ಎಲ್ಲರೂ ಈ ಕಟ್ಟು ನೋಡುತ್ತಾರೆ." ಗುಂಡು ಕಲ್ಲಿನ ಕಟ್ಟು ತೋರಿಸಿದಳು. ಅದು ಕೊಂದದ್ದರ ಕಟ್ಟು. "ಇದು ಸಣ್ಣದು. ಅದನ್ನು ನೋಡು."

ಬಾಗಿಲ ಬಳಿಯ ಕರಿ ಕಲ್ಲಿನ ಕಟ್ಟು ನನ್ನ ಮೊಣಕಾಲೆತ್ತರ ಇತ್ತು. ಅದು ಬರೀ ಮಾತಿನದ್ದು. ಪೇಪರಿನ ಜೋಕು, ಭಾಷಣ, ಶಾಲೆಯ ಪಾಠ, ಅಂಗಡಿಯ ಬೋರ್ಡು. ಆ ಜನ ಕೊಳಕು, ಆ ಜನ ಕಳ್ಳರು, ಆ ಜನ ಬಂದ ಮೇಲೆ ನಮಗೆ ಅನ್ನ ಇಲ್ಲ. ಅದರ ಆಚೆಗೆ ಗುರುತು ಹಚ್ಚಿ ಬೇರೆ ಮಾಡಿದ್ದರ ಕಟ್ಟು, ಆಮೇಲೆ ಮನೆ-ಕೆಲಸ ಕಿತ್ತುಕೊಂಡದ್ದರದು, ಆಮೇಲೆ ರೈಲಿನದು.

"ವೋ ಲೋಗ್," ಎಂದಳು ಎಲ್ಸಾ ಬಾಯಿ. "ಈ ಎರಡು ಮಾತು. ಎಲ್ಲಾ ದೇಶದಲ್ಲಿ ಇಲ್ಲಿಂದ ಶುರು."

ಗುಂಡು ಕಲ್ಲಿನ ಆಚೆಗೆ ಮೂಲೆಯಲ್ಲಿ ಇನ್ನೊಂದು ಕಟ್ಟು ಇತ್ತು, ಅದರ ಮೇಲೆ ಇಟ್ಟಿಗೆಯ ಚೂರು. ಕೊಂದ ಮೇಲೆ ಇನ್ನೇನಿದೆ ಎಂದು ಕೇಳಿದೆ.

"ಅಳಿಸುವುದು. ಆಗಲೇ ಇಲ್ಲ ಅನ್ನುವುದು, ನೆನಪಿಲ್ಲ ಅನ್ನುವುದು, ಕಾಗದ ಸುಡುವುದು. ಉಳಿದ ಕಟ್ಟು ಎಲ್ಲಾ ನಿಂತಿವೆ. ಇದು ಇನ್ನೂ ಬೆಳೆಯುತ್ತಿದೆ."

ಶ್ರಾವಣದಲ್ಲಿ ಒಂದು ದಿನ ನಳದಲ್ಲಿ ನೀರು ನಿಂತುಹೋಯಿತು. ಶಾಂತಕ್ಕ ಖಾಲಿ ಕೊಡ ಕುಕ್ಕಿ, "ಈ ಸಿಂಧಿ ಮಂದಿ ಬಂದ ಮ್ಯಾಲ ನಳದಾಗ ನೀರs ಇಲ್ಲ ನೋಡ್ರಿ. ಆ ಮಂದೀನ ಹಂಗ" ಎಂದಳು. ದೇಶ ಎರಡಾದಾಗ ಎಲ್ಲ ಬಿಟ್ಟು ಓಡಿ ಬಂದ ಸಿಂಧಿಗಳು ಹತ್ತಿರದಲ್ಲೇ ನೆಲೆ ನಿಂತಿದ್ದರು. ಅವರ ಪೈಕಿ ಒಬ್ಬ ಮುದುಕಿ ನಮ್ಮ ಚಾಳಿಗೆ ಹಪ್ಪಳ ಮಾರಲು ಬರುತ್ತಿದ್ದಳು. ಅವತ್ತೂ ಅವಳು ಅಲ್ಲೇ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಕೇಳಿಸಿಕೊಂಡಳು, ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡಿದಳು.

ನನ್ನ ಬಾಯಿಂದ ಮಾತು ಹೊರಟಿತು. "ಮಳಿಗಾಲದಾಗ ಪೈಪ ಒಡದೈತಿ ಶಾಂತಕ್ಕ. ಓಣಿ ತುದೀಗೆ ಅಗದಾರ, ನೋಡಿ ಬಂದೇನಿ."

ಎಲ್ಲರೂ ತಿರುಗಿದರು. ಶಾಂತಕ್ಕ ಕಣ್ಣರಳಿಸಿ, "ಅಯ್ಯ! ಬಂತಲ್ಲವಾ ನಾಲಿಗಿ ಪಾರ್ಸಲ್!" ಎಂದಳು. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಹೆಚ್ಚೇನೂ ಆಗಲಿಲ್ಲ. ಶಾಂತಕ್ಕ ಕೆಟ್ಟವಳಲ್ಲ, ಮುಂದೆ ನಿಮ್ಮಪ್ಪ ಹುಟ್ಟುವಾಗ ರಾತ್ರಿಯೆಲ್ಲ ನನ್ನ ಕೈ ಹಿಡಿದು ಕೂತವಳು ಅವಳೇ. ಆದರೆ ಕರಿ ಕಲ್ಲಿನ ಕಟ್ಟಿನಲ್ಲಿ ಇರುವವರೂ ಕೆಟ್ಟವರಾಗಿರಲಿಕ್ಕಿಲ್ಲ ಎಂದು ಅವತ್ತು ನನಗೆ ಅನ್ನಿಸಿತು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಭಾದ್ರಪದದ ಮೊದಲಿಗೆ ಜರ್ಮನಿಯಿಂದ ಎಲ್ಸಾ ಬಾಯಿಗೆ ಒಂದು ಕಾಗದ ಬಂತು. ಅಂದಿನಿಂದ ಅವಳು ಟೈಪ್ ಮಾಡುವುದನ್ನು ಬಿಟ್ಟಳು. ಕಾಗದ ಮೇಜಿನ ಮೇಲೆ, ಪಕ್ಕದಲ್ಲಿ ಪೆನ್ನು, ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿರುವಳು. ನಾನು ಹಳೆಯ ಕತ್ತರಿಸಿದ ತುಂಡುಗಳನ್ನೇ ಸರಿ ಮಾಡುತ್ತಿದ್ದೆ. ಒಂದು ದಿನ ಅವಳೇ ಹೇಳಿದಳು.

ಅವರಲ್ಲಿಯೂ ತೀರಿಕೊಂಡವರ ದಿನ ಪ್ರತಿವರ್ಷ ಮನೆಯಲ್ಲಿ ಒಂದು ದೀಪ ಹಚ್ಚುತ್ತಾರೆ. ಅವಳ ತಾಯಿಗೆ ಒಂದು ಸಲವೂ ಹಚ್ಚಿರಲಿಲ್ಲ. ತಾಯಿಯನ್ನು ರೈಲು ಹತ್ತಿಸಿದ ದಿನ ಗೊತ್ತು, ರೈಲು ಎಲ್ಲಿಗೆ ಹೋಯಿತೆಂದು ಗೊತ್ತು. ಸತ್ತ ದಿನ ಗೊತ್ತಿಲ್ಲ. "ಅಮ್ಮನ ಮನೆಯಿಂದ ಎಷ್ಟು ಚಮಚ ತೆಗೆದುಕೊಂಡರು ಅಂತ ಬರೆದಿದ್ದಾರೆ, ನೀಲು. ಅವಳ ದಿನ ಬರೆಯಲಿಲ್ಲ." ವರ್ಷಗಟ್ಟಲೆ ಎಲ್ಲ ಕಚೇರಿಗೂ ಬರೆದು ಕೇಳಿದ್ದಳು. ಈಗ ಅಲ್ಲಿನ ಕೋರ್ಟು ಹೇಳುತ್ತಿದೆ: ದಿನ ಸಿಗುವುದಿಲ್ಲ, ಲೆಕ್ಕಕ್ಕಾಗಿ ಯುದ್ಧ ಮುಗಿದ ದಿನವೇ ಸತ್ತರೆಂದು ಬರೆದುಬಿಡುತ್ತೇವೆ, ಒಪ್ಪಿ ಸಹಿ ಮಾಡಿ.

"ಯುದ್ಧ ಮುಗಿದ ದಿನ ಅಮ್ಮ ಇರಲೇ ಇಲ್ಲ. ಅದು ಸುಳ್ಳು ಅಂತ ನನಗೂ ಗೊತ್ತು, ಅವರಿಗೂ ಗೊತ್ತು." ಊದಿದ ಬೆರಳುಗಳನ್ನು ನೋಡಿಕೊಂಡಳು. "ಸಹಿ ಮಾಡಿದರೆ ಒಂದು ದಿನ ಸಿಗುತ್ತದೆ. ದೀಪ ಹಚ್ಚಬಹುದು. ನನಗೆ ಸಾಕಾಗಿದೆ, ನೀಲು."

ಅವಳು ಹಾಗೆ ಸೋತ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸಹಿ ಮಾಡಿ ಎನ್ನಲಿ ಹೇಗೆ, ಬೇಡ ಎನ್ನಲಿ ಹೇಗೆ? ನನಗೆ ಗೊತ್ತಿದ್ದದ್ದು ಒಂದೇ. ಅದನ್ನು ಹೇಳಿದೆ. ನಮ್ಮಲ್ಲಿ ಈ ತಿಂಗಳ ಕೊನೆಯ ಅಮಾವಾಸ್ಯೆ ಹಿರಿಯರದು. ದಿನ ಗೊತ್ತಿದ್ದವರಿಗೂ ಅವತ್ತು ಎಡೆ, ದಿನ ಗೊತ್ತಿಲ್ಲದವರಿಗೂ ಅವತ್ತೇ. ನಮ್ಮ ಮಾವನವರ ಅಣ್ಣ ಪ್ಲೇಗಿನಲ್ಲಿ ಎಲ್ಲೋ ದಾರಿಯಲ್ಲಿ ಹೋದರು, ಯಾವ ದಿನವೋ ಯಾರಿಗೂ ತಿಳಿಯದು. ಅವರಿಗೂ ಒಂದು ಎಲೆ ಹಾಕುತ್ತೇವೆ. ಸುಳ್ಳು ದಿನ ಬರೆಯುವುದಿಲ್ಲ.

"ನಮ್ಮ ಧರ್ಮಗುರುಗಳೂ ದಿನ ಗೊತ್ತಿಲ್ಲದವರಿಗೆ ಅಂಥ ಒಂದು ದಿನ ಮಾಡಿದ್ದಾರೆ. ನಾನು ಅದನ್ನೂ ಒಪ್ಪಿಲ್ಲ," ಎಂದಳು. ಕತ್ತರಿ ಎತ್ತಿಕೊಂಡೆ. ಸಂಜೆ ಹೊರಡುವಾಗ ಅವಳೇ ಕರೆದಳು. "ನಾನು ಬಂದು ನೋಡಬಹುದಾ?"

ಬನ್ನಿ, ನಿಮ್ಮ ಅಮ್ಮನಿಗೂ ಒಂದು ಎಲೆ ಹಾಕುತ್ತೇನೆ ಎಂದೆ. ಹೋಗುವ ದಾರಿಯಲ್ಲಿ ನೆನಪಾಗಿ ಮರಳಿ ಬಂದು, ಅಮ್ಮನಿಗೆ ತಿನ್ನಲು ಏನು ಇಷ್ಟ ಎಂದು ಕೇಳಿದೆ. ಅವಳಿಗೆ ಹಿಂದಿ ಶಬ್ದ ಗೊತ್ತಿರಲಿಲ್ಲ. ಬೆರಳ ತುದಿಯಲ್ಲಿ ಸಣ್ಣದು, ಸಣ್ಣದು ಎಂದು ತೋರಿಸಿದಳು, ಕಪ್ಪು ಎಂದಳು, ಹೂವಿನ ಕಾಯಿ ಅಲ್ಲಾಡಿಸಿದ ಹಾಗೆ ಮಾಡಿದಳು. ಗಸಗಸೆ! ಅವರ ಕಡೆ ಕಪ್ಪು ಗಸಗಸೆಯಂತೆ. ನಮ್ಮದು ಬಿಳಿ, ಆದರೂ ಗಸಗಸೆಯೇ.

ನಿಮ್ಮಜ್ಜನಿಗೆ ಹೇಳಿದಾಗ, "ನಾವು ಮಲಗೂ ಜಾಗಾ ಇಲ್ಲ, ಊರ ಮಂದಿಗೆಲ್ಲಾ ಎಡಿ ಹಿಡೀತೀ ಏನು? ಅವರ ಧರ್ಮ ಬ್ಯಾರೆ ಐತಿ. ನಮ್ಮ ದೊಡ್ಡಪ್ಪನ ಬಾಜೂಕ ಕುಂಡ್ರತಾಳೇನು ಆಕಿ?" ಎಂದರು. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಕುಂಡರಲಿ ಬಿಡು. ದೊಡ್ಡಪ್ಪನೂ ಒಬ್ಬನs ಇದ್ದ" ಎಂದರು. ಮಾರ್ಕೆಟಿನಿಂದ ಒಂದು ಎಲೆ ಹೆಚ್ಚಿಗೆ ತಂದರು.

ಅಮಾವಾಸ್ಯೆಯ ಮಧ್ಯಾಹ್ನ ಎಲ್ಸಾ ಬಾಯಿ ಬಂದಳು. ಛತ್ರಿ ಮಡಿಸಿ, ಎಲ್ಲರಂತೆ ಬೂಟು ಬಿಚ್ಚಿ ಗ್ಯಾಲರಿಯಲ್ಲಿಟ್ಟಳು. ನಾನು ಗೋಡೆಗೆ ಸಾಲಾಗಿ ಎಲೆ ಹಾಕಿದ್ದೆ. ಅತ್ತೆ, ಮಾವ, ಪ್ಲೇಗಿನ ದೊಡ್ಡಪ್ಪ, ಅವರ ಪಕ್ಕ ಕೊನೆಯ ಎಲೆ ಬೆರ್ತಾ ಅಮ್ಮನಿಗೆ. ಹೋಳಿಗೆ, ಕಡಬು, ಬದನೆಕಾಯಿ, ಅನ್ನ. ಆ ಕೊನೆಯ ಎಲೆಯಲ್ಲಿ ಒಂದು ಬಟ್ಟಲು ಗಸಗಸೆ ಪಾಯಸ. ಎಲ್ಸಾ ಬಾಯಿ ಗೋಡೆಗೆ ಒರಗಿ ನಿಂತು ನೋಡಿದಳು. ಪಾಯಸದ ವಾಸನೆಗೆ ಅವಳ ಮುಖ ಸಡಿಲವಾಯಿತು. ನಿಮ್ಮಜ್ಜ ಊದುಬತ್ತಿ ಬೆಳಗಿ ಒಬ್ಬೊಬ್ಬರ ಹೆಸರು ಹೇಳಿ ಕರೆದರು. ಬೆರ್ತಾ ಎಂಬ ಹೆಸರನ್ನು ತಪ್ಪಿಲ್ಲದೆ ಹೇಳಬೇಕೆಂದು ಬೆಳಿಗ್ಗೆಯಿಂದ ಅಭ್ಯಾಸ ಮಾಡಿದ್ದರು.

ಎಡೆ ಇಟ್ಟ ಮೇಲೆ ನಮ್ಮಲ್ಲಿ ಎಲ್ಲರೂ ಹೊರಗೆ ಬರುತ್ತೇವೆ. ಬದುಕಿದವರು ನೋಡುತ್ತಿದ್ದರೆ ಹಿರಿಯರು ಉಣ್ಣುವುದಿಲ್ಲ. ಹೊರಗಿನಿಂದ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಕಾಯುವುದು, ಆಮೇಲೆ ಕೆಮ್ಮಿ ಸದ್ದು ಮಾಡಿ ಒಳಗೆ ಹೋಗುವುದು. ನಾನು ಹುಟ್ಟಿದಾಗಿನಿಂದ ನೋಡಿದ್ದು ಅದು. ಎಲ್ಲರೂ ಗ್ಯಾಲರಿಗೆ ಬಂದೆವು. ನಾನು ಬಾಗಿಲು ಎಳೆದು ಚಿಲಕ ಹಾಕಿದೆ.

"ಏನು ಮಾಡಿದೆ?" ಎಂದಳು ಎಲ್ಸಾ ಬಾಯಿ.

"ಒಳಗೆ ಅವರು ಊಟ ಮಾಡುತ್ತಾರೆ..."

ಅವಳು ಚಿಲಕ ನೋಡಿದಳು. ಹೊಸ್ತಿಲ ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನು, ತನ್ನ ಬೂಟುಗಳನ್ನು ನೋಡಿದಳು. "ಖೋಲೋ," ಎಂದಳು. ತಾನೇ ಚಿಲಕಕ್ಕೆ ಕೈ ಹಾಕಿದಳು. ಬೆರಳು ಹಿಡಿಯಲಿಲ್ಲ. "ನೀಲು, ಬಾಗಿಲು ತೆಗೆ. ಬಾಗಿಲು ತೆಗೆ."

ಆಗ ನನಗೆ ತಿಳಿಯಿತು. ನಾನು ಚಿಲಕ ಎಳೆದು ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆರೆದೆ. ಶಾಂತಕ್ಕ ತನ್ನ ಬಾಗಿಲಿನಿಂದ, "ಏ ನೀಲವ್ವ, ಹುಚ್ಚು ಹಿಡದೈತೇನ! ಹಿರ್ಯಾರು ಅರ್ಧಾ ಊಟಕ್ಕ ಎದ್ದು ಹೋಗ್ತಾರ!" ಎಂದು ಕೂಗಿದಳು. ನಿಮ್ಮಜ್ಜ ಅವಳಿಗೆ ಕೈ ಸನ್ನೆ ಮಾಡಿ ಸುಮ್ಮನಿರಿಸಿದರು.

ಎಲ್ಸಾ ಬಾಯಿ ಒಳಗೆ ಹೋಗಿ ಕೊನೆಯ ಎಲೆಯ ಮುಂದೆ ನೆಲದ ಮೇಲೆ ಕೂತಳು. ನಾನೂ ಹೋಗಿ ಸ್ವಲ್ಪ ದೂರದಲ್ಲಿ ಕೂತೆ.

"ಇವರು?" ಎಂದು ಪಕ್ಕದ ಎಲೆ ತೋರಿಸಿದಳು.

"ಪ್ಲೇಗಿನವರು. ದಿನ ಗೊತ್ತಿಲ್ಲದವರು."

"ಇವರ ದಿನ ಯಾರಿಗೂ ಗೊತ್ತಿಲ್ಲ. ಕಳೆದುಹೋಗಿದೆ." ನಿಧಾನವಾಗಿ, ತನಗೇ ಹೇಳಿಕೊಳ್ಳುವ ಹಾಗೆ ಹೇಳಿದಳು. "ನನ್ನ ಅಮ್ಮನ ದಿನ ಕಳೆದುಹೋಗಿಲ್ಲ, ನೀಲು. ಬಾಗಿಲು ಹಾಕಿದವನಿಗೆ ಗೊತ್ತು. ಅವನು ಎಲ್ಲೋ ಇದ್ದಾನೆ, ಸಂಜೆ ಮನೆಗೆ ಹೋಗುತ್ತಾನೆ, ಊಟ ಮಾಡುತ್ತಾನೆ. ಕಳೆದದ್ದು ಬೇರೆ. ಮುಚ್ಚಿಟ್ಟದ್ದು ಬೇರೆ. ನಾನು ಇದನ್ನು ಕಳೆದದ್ದು ಅಂತ ಒಪ್ಪಿದರೆ ಅವನು ಗೆದ್ದ."

ನಾನು ಎಲೆ ಎತ್ತಲು ಕೈ ಚಾಚಿದೆ.

"ಎಲೆ ತೆಗೆ," ಎಂದಳು. "ಜಾಗ ತೆಗೆಯಬೇಡ."

ಎಲೆ ಎತ್ತಿದೆ. ಪಾಯಸದ ಬಟ್ಟಲನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದು ಅಮ್ಮನಿಗೆ ಬೇಡ. ನನಗೆ ಹಸಿವು," ಎಂದಳು. ಕೂತಲ್ಲೇ ಪೂರ್ತಿ ಕುಡಿದಳು. ಇನ್ನೊಂದು ಬಟ್ಟಲು ಕೇಳಿದಳು. ಬಾಗಿಲಲ್ಲಿ ನಿಂತಿದ್ದ ಶಾಂತಕ್ಕ, "ಗಸಗಸಿ ಐತಿ, ಎರಡು ಬಟ್ಟಲಾ ಕುಡದ್ರ ಇಲ್ಲೇ ಮಲಗತಾಳ ನೋಡ ನಿಮ್ಮ ಮಡಮ್ಮ" ಎಂದಳು. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಎಲ್ಸಾ ಬಾಯಿ ನಕ್ಕಳು. ಅವಳು ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ.

ಮರುದಿನ ನಾನು ಹೋದಾಗ ಜರ್ಮನಿಯ ಆ ಕಾಗದ ನೆಲದ ಮೇಲೆ ನನ್ನ ಜಾಗದಲ್ಲಿತ್ತು. ಸಹಿಯ ಗೆರೆ ಖಾಲಿ. "ಇದನ್ನು ಅಂಟಿಸು," ಎಂದಳು. ನಾನು ಹೊಸದಾಗಿ ಗೋಂದು ಕಾಸಿ, ಅಂಚಿನವರೆಗೂ ಸವರಿ, ಗುಳ್ಳೆ ಏಳದಂತೆ ಅಂಗೈಯಿಂದ ಒತ್ತಿ ಅಂಟಿಸಿದೆ. ಯಾವ ಕಟ್ಟು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಟ್ಟಿಗೆಯ ಚೂರು ಎತ್ತಿ, ಆ ಕಾಗದವನ್ನು ಮೂಲೆಯ ಅಳಿಸುವುದರ ಕಟ್ಟಿನ ಮೇಲಿಟ್ಟೆ.

ಚಳಿಗಾಲದಲ್ಲಿ ಅವಳು ಹೊರಟಳು. ಅಲ್ಲಿಗೇ ಹೋಗಿ ಕೇಳುತ್ತೇನೆ, ಎದುರು ನಿಂತು ಕೇಳಿದರೆ ಸುಳ್ಳು ಹೇಳುವುದು ಕಷ್ಟ ಎಂದಳು. ಕಟ್ಟುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದೆವು, ಕಲ್ಲುಗಳನ್ನು ಸೀತಾಫಲದ ಬುಡಕ್ಕೆ ಹಾಕಿದೆವು. ಹಡಗಿನವರೆಗೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಘಾಟ್ಕೋಪರ್ ಸ್ಟೇಷನ್ನಿನಲ್ಲೇ ನಿಂತೆ. ಲೋಕಲ್ ಬರುವಾಗ ಅವಳು ನನ್ನ ಕೈ ಹಿಡಿದು, "ದಿನ ಸಿಕ್ಕಿದರೆ ತಿಳಿಸುತ್ತೇನೆ. ಆ ದಿನ ನೀನು ಎಲೆ ಹಾಕು," ಎಂದಳು. ಹಾಕುತ್ತೇನೆ ಎಂದೆ. ಗಾಡಿ ಹೋಯಿತು. ಮನೆಗೆ ಬಂದಾಗ ಗೂಡಿನ ಲೋಟ ಇನ್ನೊಂದು ಲೋಕಲ್ಲಿಗೆ ನಡುಗುತ್ತಿತ್ತು. ಹಿಡಿದುಕೊಂಡೆ. ಮಾತಿಲ್ಲದೆ ಕೂರಲು ನನಗೆ ಆಮೇಲೆ ಈ ಊರಿನಲ್ಲಿ ಯಾರೂ ಸಿಗಲಿಲ್ಲ. ನಿಮ್ಮಜ್ಜ ಒಳ್ಳೆಯವರು, ಆದರೆ ಅವರಿಗೆ ಮಾತು ಬೇಕಿತ್ತು.

ಸುದ್ದಿ ಬರಲಿಲ್ಲ. ಚಾಳು ಕೆಡವಿದರು, ನಾವು ವಿಕ್ರೋಳಿಗೆ ಹೋದೆವು, ಆಮೇಲೆ ನಿಮ್ಮಪ್ಪ ಇಲ್ಲಿ ಫ್ಲ್ಯಾಟ್ ತೆಗೆದುಕೊಂಡ. ಬರೆದಿದ್ದರೂ ಯಾವ ವಿಳಾಸಕ್ಕೆ ಬರಬೇಕು? ಮನೆ ಬದಲಿಸಿದಾಗಲೆಲ್ಲ ಅಮಾವಾಸ್ಯೆಗೆ ಮೊದಲು ನಾನು ನೋಡುತ್ತಿದ್ದದ್ದು, ಎಲೆಗಳ ಸಾಲಿನ ಕೊನೆಗೆ ಗೋಡೆಯ ಬದಿ ಒಂದು ಜಾಗ ಉಳಿಯುತ್ತದೆಯೇ ಎಂದು. ಆ ವರ್ಷದಿಂದ ನಮ್ಮ ಮನೆಯಲ್ಲಿ ಎಡೆ ಇಟ್ಟ ಮೇಲೆ ಬಾಗಿಲು ಹಾಕುವುದಿಲ್ಲ. ನೀವು ಬೇರೆಯವರ ಮನೆಯಲ್ಲಿ ಹಾಕುವುದನ್ನು ನೋಡಿ ನಾನು ಮರೆತೆ ಎಂದುಕೊಂಡಿದ್ದೀರಿ.

ಮೇಘನಾ, ನೀನು ಕಾಲೇಜಿನಲ್ಲಿ ಇದನ್ನೆಲ್ಲ ಪುಸ್ತಕದಲ್ಲಿ ಓದುತ್ತೀ. ಯಾವ ದೇಶದಲ್ಲಿ ಎಷ್ಟು ಜನ ಎಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನನಗೆ ಗೊತ್ತಿರುವುದು ಒಬ್ಬರ ಜಾಗ.

ಎಲ್ಸಾ ಬಾಯಿ ಈಗ ಇರಲಿಕ್ಕಿಲ್ಲ, ಇದ್ದರೆ ನೂರು ದಾಟಿ ಎಷ್ಟೋ ಆಗಬೇಕು. ಅವಳು ಹೋದ ದಿನ ನನಗೆ ಗೊತ್ತಿಲ್ಲ. ಅದನ್ನು ಯಾರೂ ಮುಚ್ಚಿಟ್ಟಿಲ್ಲ, ನನಗೆ ತಿಳಿಯಲಿಲ್ಲ ಅಷ್ಟೇ. ಹಾಗಾಗಿ ಅವಳಿಗೆ ಕೆಲವು ವರ್ಷಗಳಿಂದ ಎಲೆ ಹಾಕುತ್ತಿದ್ದೇನೆ, ನಿಮ್ಮಜ್ಜನ ಎಲೆಯ ಪಕ್ಕದ್ದು ಅದೇ, ಗಸಗಸೆ ಪಾಯಸ ಅದಕ್ಕೇ. ಅದರ ಆಚೆಗೆ ಅವಳ ತಾಯಿಯ ಜಾಗ. ಅಲ್ಲಿ ನೆಲ ಒರೆಸುತ್ತೇನೆ, ಎಲೆ ಹಾಕುವುದಿಲ್ಲ. ನನ್ನ ಎಲೆ ಹಾಕುವ ಕಾಲ ಬಂದಾಗ ಅದನ್ನು ನಿಮ್ಮಜ್ಜನ ಎಲೆಯ ಈ ಕಡೆಗೆ ಹಾಕಿ. ಆ ಜಾಗಕ್ಕೆ ಸರಿಸಬೇಡಿ.